ಬಾರ್ತೊಲೊಮಾಯರು ನಮ್ಮ ಕರಾವಳಿಗೆ ಬಂದಿದ್ದರೇ? ಪ್ರೇಷಿತರ ಪಯಣಗಳಲ್ಲಿ ದಾಖಲೆ ಎಷ್ಟು, ‘ಅಂತೆ’ ಎಷ್ಟು

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನಮ್ಮ ಚರ್ಚಿನ ನೂರೈವತ್ತನೇ ವರ್ಷದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಐವತ್ತು ವರ್ಷದ ಹಿಂದಿನ ಸಂಚಿಕೆ ತೆರೆದರೆ, ಕ್ರಿ.ಶ. 55ರಲ್ಲಿ, ಯೇಸುವಿನ ಹನ್ನೆರಡು ಪ್ರೇಷಿತರಲ್ಲಿ (ಆಪ್ತ ಶಿಷ್ಯರಲ್ಲಿ) ಒಬ್ಬರಾದ ಸಂತ ಬಾರ್ತೊಲೊಮಾಯರು ಕಲ್ಯಾಣಪುರದಲ್ಲಿ ಇಳಿದು ಶುಭಸಂದೇಶ ಸಾರಿದರು ಎಂದೇ ಲೇಖನ ಶುರುವಾಗುತ್ತದೆ. ಪ್ರೇಷಿತರು ಚೀಟು ಹಾಕಿ ಲೋಕವನ್ನು ಹಂಚಿಕೊಂಡರು, ತೋಮರಿಗೆ ಇಂಡಿಯಾ ಬಂತು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದರು. ಜರ್ಮನಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಇದನ್ನೆಲ್ಲ ಕೇಳಿ ನಗುತ್ತಾನೆ. ಹನ್ನೆರಡು ಮಂದಿಯಲ್ಲಿ ಜೆರುಸಲೇಮ್ ಬಿಟ್ಟು ಹೊರಟವರೇ ಇಲ್ಲ, ಎಲ್ಲ ನಂತರದವರು ಕಟ್ಟಿದ ಅಂತೆ ಕಂತೆ ಎನ್ನುತ್ತಾನೆ. ಹಳೆಯ ವಾಕ್ಯ ತೆಗೆದರೆ ಹಿರಿಯರು ನೊಂದುಕೊಳ್ಳುತ್ತಾರೆ, ಇಟ್ಟರೆ ಕಿರಿಯರು ನಗುತ್ತಾರೆ. ನಿಜ ಯಾವುದು? ಏನು ಬರೆಯಲಿ? ಹಳೆಯ ಮುಖಪುಟದಲ್ಲಿ ಕೈಯಲ್ಲಿ ಕತ್ತಿ ಹಿಡಿದ ಬಾರ್ತೊಲೊಮಾಯರ ಚಿತ್ರವಿದೆ, ಅದನ್ನಾದರೂ ಉಳಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ: ಪ್ರೇಷಿತರು ನಿಜವಾಗಿ ಎಲ್ಲಿಗೆ ಹೋದರು, ಬಾರ್ತೊಲೊಮಾಯರು ನಮ್ಮ ಕಡೆ ಬಂದರೇ, ಇವೆರಡಕ್ಕೂ ಖಚಿತ ಉತ್ತರ ಕೊಡಲಾಗದಿದ್ದರೆ ಅಚ್ಚಿಗೆ ಹೋಗುವ ಪುಟದಲ್ಲಿ ಏನಿರಬೇಕು. ಮೊದಲೆರಡು ಚರಿತ್ರೆಯ ಪ್ರಶ್ನೆಗಳು. ಮೂರನೆಯದು ಮನೆಯ ಪ್ರಶ್ನೆ, ನಿಮ್ಮನ್ನು ನಿದ್ದೆಗೆಡಿಸಿರುವುದು ಅದೇ ಎಂದು ಪತ್ರದ ಧಾಟಿಯಿಂದ ತೋರುತ್ತದೆ. ಚರ್ಚಿನ ಇತಿಹಾಸವನ್ನು ಬಹಳ ವರ್ಷ ಪಾಠ ಹೇಳಿದವನಾಗಿ ಇಂಥ ಸಂಚಿಕೆಗಳ ಕರಡುಗಳನ್ನು ರಾಶಿಗಟ್ಟಲೆ ತಿದ್ದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಹಾಳಾಗುವುದು ಮೊದಲ ವಾಕ್ಯದಲ್ಲಿಯೇ.

ನಿಮ್ಮ ತಂಗಿಯ ಮಗನಿಂದ ಆರಂಭಿಸುತ್ತೇನೆ, ಏಕೆಂದರೆ ಅವನ ಮಾತಿನಲ್ಲಿ ಅರ್ಧ ಸರಿ, ಅರ್ಧ ತಪ್ಪು, ಮತ್ತು ತಪ್ಪಿರುವ ಅರ್ಧವನ್ನು ತೋರಿಸುವುದು ಸುಲಭ. ಪ್ರೇಷಿತರ ಕಾಲದಿಂದಲೇ ನಮಗೆ ಉಳಿದು ಬಂದ ಬರಹಗಳೆಂದರೆ ಪೌಲರ ಪತ್ರಗಳು. ಅವುಗಳಲ್ಲಿ ಏಳನ್ನು ಅವರೇ ಬರೆಸಿದರು ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ಕ್ರಿ.ಶ. 50ರ ದಶಕದ ನಡುಭಾಗದಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲರು ಸ್ವಲ್ಪ ಸಿಡುಕಿನಿಂದಲೇ ಕೇಳುವ ಒಂದು ಮಾತಿದೆ: ಇತರ ಪ್ರೇಷಿತರಂತೆ, ಪ್ರಭುವಿನ ಸಹೋದರರಂತೆ, ಕೇಫನಂತೆ ನಾವೂ ಹೆಂಡತಿಯನ್ನು ಕರೆದುಕೊಂಡು ಪ್ರಯಾಣ ಮಾಡುವ ಹಕ್ಕು ನಮಗಿಲ್ಲವೇ ಎಂದು. ಕೇಫ ಎಂದರೆ ಪೇತ್ರ. ಖರ್ಚುವೆಚ್ಚದ ಜಗಳದ ನಡುವೆ ಬಾಯಿತಪ್ಪಿ ಬಂದಂತಿರುವ ಈ ಸಾಲನ್ನು ಯಾರನ್ನೂ ಮೆಚ್ಚಿಸಲು ಬರೆದಿಲ್ಲ. ಆದ್ದರಿಂದಲೇ ಅದಕ್ಕೆ ತೂಕ ಹೆಚ್ಚು. ಪೇತ್ರರೂ ಉಳಿದ ಪ್ರೇಷಿತರೂ ಸಪತ್ನೀಕರಾಗಿ ಊರೂರು ತಿರುಗುತ್ತಿದ್ದರು ಎಂಬುದು ಗ್ರೀಸ್ ದೇಶದ ಒಂದು ಬಂದರಿನ ಜನಕ್ಕೂ ಗೊತ್ತಿದ್ದ ಸಂಗತಿಯಾಗಿತ್ತು. ಯಾರೂ ಹೊರಡಲಿಲ್ಲ ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಅವನ ಮಾತಿನಲ್ಲಿ ಸರಿಯಿರುವ ಅರ್ಧವೆಂದರೆ, ಆ ಹನ್ನೆರಡು ಮಂದಿಯಲ್ಲಿ ಹೆಚ್ಚಿನವರು ಯಾವ ಊರಿಗೆ ಹೋದರು ಎಂಬುದಕ್ಕೆ ಅವರ ಕಾಲದ ಬರಹ ಒಂದೂ ಇಲ್ಲ. ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಪೇತ್ರರನ್ನು ಒಂದಷ್ಟು ದೂರ ಹಿಂಬಾಲಿಸಿ ಕೈಬಿಟ್ಟು, ಉಳಿದ ದಾರಿಯನ್ನೆಲ್ಲ ಪೌಲರ ಜೊತೆ ನಡೆಯುತ್ತದೆ. ಪೌಲರೋ ಹನ್ನೆರಡು ಮಂದಿಯಲ್ಲಿ ಒಬ್ಬರಲ್ಲ. ತೋಮ, ಬಾರ್ತೊಲೊಮಾಯ, ಅಂದ್ರೆಯ ಇವರೆಲ್ಲ ಆ ಪುಸ್ತಕದ ಮೊದಲ ಅಧ್ಯಾಯದ ಪಟ್ಟಿಯಲ್ಲಿ ಒಮ್ಮೆ ಹೆಸರಾಗಿ ಬಂದು ಮತ್ತೆ ಕಾಣಿಸುವುದಿಲ್ಲ. ಜೆಬೆದಾಯನ ಮಗ ಯಕೋಬರ ವಿಷಯದಲ್ಲಂತೂ ದಾರಿಯೇ ಮುಚ್ಚಿದೆ: ಅವರನ್ನು ಹೆರೋದ ಅರಸ ಕತ್ತಿಯಿಂದ ಕೊಲ್ಲಿಸಿದನೆಂದು ಹನ್ನೆರಡನೆಯ ಅಧ್ಯಾಯ ಹೇಳುತ್ತದೆ, ಆ ಅರಸ ಅಗ್ರಿಪ್ಪ ಸತ್ತದ್ದು ಕ್ರಿ.ಶ. 44ರಲ್ಲಿ. ಹಾಗಿದ್ದೂ 9ನೇ ಶತಮಾನದಲ್ಲಿ ಸ್ಪೇನಿನ ಒಂದು ಮೂಲೆಯಲ್ಲಿ ಅವರ ಸಮಾಧಿ ಸಿಕ್ಕಿತೆಂಬ ಸುದ್ದಿ ಹಬ್ಬಿ, ಇಂದಿಗೂ ಜನ ನೂರಾರು ಮೈಲಿ ನಡೆದು ಸಾಂತಿಯಾಗೊಗೆ ಹೋಗುತ್ತಾರೆ.

ದಾಖಲೆ ಎಂದರೆ ಹೇಗಿರುತ್ತದೆ ಎಂಬುದಕ್ಕೆ ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಗ್ರೀಸಿನ ದೆಲ್ಫಿಯಲ್ಲಿ ಸಿಕ್ಕಿದ ಒಡೆದ ಶಾಸನದ ತುಣುಕುಗಳನ್ನು 20ನೇ ಶತಮಾನದ ಆರಂಭದಲ್ಲಿ ಜೋಡಿಸಿ ಓದಿದಾಗ, ಅದು ಚಕ್ರವರ್ತಿ ಕ್ಲಾಡಿಯಸ್ ಬರೆಸಿದ ಪತ್ರವೆಂದು ತಿಳಿಯಿತು. ಅದರಲ್ಲಿ ‘ನನ್ನ ಮಿತ್ರ ಗಲ್ಲಿಯೋ’ ಎಂಬ ಅಧಿಕಾರಿಯ ಉಲ್ಲೇಖವಿದೆ, ಚಕ್ರವರ್ತಿಗೆ ಸೇನೆ 26ನೇ ಬಾರಿ ಜಯಘೋಷ ಮಾಡಿತ್ತು ಎಂಬ ಲೆಕ್ಕವೂ ಇದೆ. ಈ ಲೆಕ್ಕದಿಂದ ಪತ್ರದ ಕಾಲ ಕ್ರಿ.ಶ. 52 ಎಂದು ನಿಲ್ಲುತ್ತದೆ. ಕೊರಿಂಥದಲ್ಲಿ ಪೌಲರನ್ನು ಎಳೆದು ತಂದು ನಿಲ್ಲಿಸಿದ್ದು ಇದೇ ಗಲ್ಲಿಯೋನ ನ್ಯಾಯಪೀಠದ ಎದುರು, ಮತ್ತು ಅವನು ಇದು ನಿಮ್ಮ ಧರ್ಮದ ಒಳಜಗಳ, ನನಗೆ ಸಂಬಂಧವಿಲ್ಲ ಎಂದು ಎಲ್ಲರನ್ನೂ ಓಡಿಸಿದನು. ಪೌಲರ ಜೀವನದ ಉಳಿದ ಇಸವಿಗಳನ್ನು ನಾವು ಈ ಒಂದು ಗೂಟಕ್ಕೆ ಕಟ್ಟಿ ಹಿಂದಕ್ಕೂ ಮುಂದಕ್ಕೂ ಎಣಿಸುತ್ತೇವೆ. ಕುತೂಹಲದ ಸಂಗತಿಯೆಂದರೆ, ತೋಮರು ಕೇರಳದ ಕೊಡುಂಗಲ್ಲೂರಿನಲ್ಲಿ ಇಳಿದದ್ದೂ ಇದೇ 52ರಲ್ಲಿ ಎನ್ನುತ್ತದೆ ಮಲಬಾರಿನ ಪರಂಪರೆ. ಇಸವಿ ಒಂದೇ ಆದರೂ ಒಂದು ಕಡೆ ಕಲ್ಲಿದೆ, ಇನ್ನೊಂದು ಕಡೆ ಬಾಯಿಂದ ಬಾಯಿಗೆ ಬಂದ ನೆನಪಿದೆ. ನೆನಪು ಸುಳ್ಳೆಂದು ನಾನು ಹೇಳುತ್ತಿಲ್ಲ, ಆದರೆ ಎರಡನ್ನೂ ಒಂದೇ ಧಾಟಿಯ ವಾಕ್ಯದಲ್ಲಿ ಬರೆಯಲಾಗದು.

ಇನ್ನು ಚೀಟು ಹಾಕಿದ ಕಥೆ. ನಿಮ್ಮ ತಾಯಿ ಅದನ್ನು ಕಟ್ಟಿದವರಲ್ಲ, ಅದು ಬಹಳ ಹಳೆಯದು. ಬೈಬಲಿನಲ್ಲಿ ಪ್ರೇಷಿತರು ಚೀಟು ಹಾಕಿದ್ದು ಒಮ್ಮೆ ಮಾತ್ರ, ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು. ಲೋಕವನ್ನು ಚೀಟಿನಿಂದ ಹಂಚಿಕೊಂಡ ಪ್ರಸಂಗ ಬರುವುದು ‘ತೋಮನ ಕಾರ್ಯಗಳು’ ಎಂಬ ಗ್ರಂಥದಲ್ಲಿ. ಅದು 3ನೇ ಶತಮಾನದ ಆರಂಭದಲ್ಲಿ, ಬಹುಶಃ ಎದೆಸ್ಸ ನಗರದಲ್ಲಿ, ಸಿರಿಯಾಕ್ ಭಾಷೆಯಲ್ಲಿ ಹುಟ್ಟಿದ ಕೃತಿ. ಅದರ ಮೊದಲ ದೃಶ್ಯ ನನಗೆ ಇಷ್ಟ: ಇಂಡಿಯಾ ತನ್ನ ಪಾಲಿಗೆ ಬಂದದ್ದು ಕೇಳಿ ತೋಮ, ನನ್ನ ಮೈಯಲ್ಲಿ ಶಕ್ತಿಯಿಲ್ಲ, ಹೀಬ್ರೂ ಆಡುವವನು ಇಂಡಿಯಾದವರಿಗೆ ಏನು ಹೇಳಲಿ, ಬೇರೆ ಎಲ್ಲಿಗಾದರೂ ಕಳಿಸಿ ಎಂದು ಹಟ ಹಿಡಿಯುತ್ತಾರೆ. ಆಗ ಯೇಸು ಪೇಟೆಯಲ್ಲಿ ಹಬ್ಬಾನ್ ಎಂಬ ವ್ಯಾಪಾರಿಯನ್ನು ಕಂಡು, ಇವನು ನನ್ನ ದಾಸ, ಬಡಗಿ ಕೆಲಸ ಬಲ್ಲವನು ಎಂದು ಕ್ರಯಪತ್ರ ಬರೆದು ಮಾರಿಬಿಡುತ್ತಾರೆ. ಅವರು ನಿನ್ನ ಒಡೆಯರೇ ಎಂದು ವ್ಯಾಪಾರಿ ಕೇಳಿದಾಗ ತೋಮ ಹೌದು ಎನ್ನದೆ ವಿಧಿಯಿಲ್ಲ. ವರ್ಗಾವಣೆ ಆದೇಶ ಕೈಗೆ ಬಂದ ಸರ್ಕಾರಿ ನೌಕರನ ಪಾಡು ಬಲ್ಲ ಯಾರಿಗಾದರೂ ಇಲ್ಲಿ ನಗು ಬರುತ್ತದೆ. ಬರೆದವನಿಗೂ ಬಂದಿರಬೇಕು.

ಚೀಟು ಕಥೆಯಾದರೂ, ಹಂಚಿಕೆಯೊಂದು ನಿಜಕ್ಕೂ ನಡೆದಿತ್ತು. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲರು ಅದನ್ನು ತಾವೇ ಹೇಳುತ್ತಾರೆ: ಜೆರುಸಲೇಮಿನಲ್ಲಿ ಯಕೋಬ (ಹೆರೋದ ಕೊಲ್ಲಿಸಿದ ಯಕೋಬರಲ್ಲ, ಪ್ರಭುವಿನ ಸಹೋದರ), ಕೇಫ, ಯೊವಾನ್ನ ಎಂಬ ಮೂರು ಸ್ತಂಭಗಳು ತಮಗೂ ತಮ್ಮ ಜೊತೆಗಾರ ಬಾರ್ನಬನಿಗೂ ಬಲಗೈ ನೀಡಿ, ಯೆಹೂದ್ಯರಲ್ಲಿ ನಾವು, ಇತರ ಜನಾಂಗಗಳಲ್ಲಿ ನೀವು ಎಂದು ಒಪ್ಪಿಕೊಂಡರು. ನಕ್ಷೆಯ ಮೇಲೆ ಗೆರೆ ಎಳೆದು ಮಾಡಿದ ಪಾಲು ಇದಲ್ಲ. ಸುನ್ನತಿಯಾದವರು, ಆಗದವರು ಎಂಬ ಜನದ ಭೇದದ ಮೇಲೆ ಮಾಡಿದ್ದು. ಹಾಗಾಗಿ ಅದು ಬಹಳ ದಿನ ಬಾಳಲಿಲ್ಲ, ಏಕೆಂದರೆ ಸಿರಿಯದ ಅಂತಿಯೋಕ್ಯದಂಥ ನಗರದಲ್ಲಿ ಎರಡೂ ಬಗೆಯ ಜನ ಒಂದೇ ಮನೆಯಲ್ಲಿ ಸೇರುತ್ತಿದ್ದರು. ಅಲ್ಲಿಗೆ ಬಂದ ಪೇತ್ರರು ಮೊದಲು ಎಲ್ಲರೊಡನೆ ಕೂತು ಉಂಡು, ಜೆರುಸಲೇಮಿನಿಂದ ಯಕೋಬನ ಕಡೆಯವರು ಬರುತ್ತಲೇ ಎಲೆ ಬಿಟ್ಟು ಎದ್ದರು. ಎಲ್ಲರೆದುರಲ್ಲಿಯೇ ಅವರ ಮುಖಕ್ಕೆ ಹೇಳಿದೆ ಎಂದು ಪೌಲರು ಬರೆಯುತ್ತಾರೆ. ಯುರೋಪಿನ ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ವಿವರಿಸಲು ಅಡಿಟಿಪ್ಪಣಿ ಬೇಕಾಗುತ್ತದೆ. ಪಂಕ್ತಿಭೇದವನ್ನು ಕಣ್ಣಾರೆ ಕಂಡ ನಮಗೆ ಬೇಕಿಲ್ಲ: ಯಾರ ಜೊತೆ ಊಟಕ್ಕೆ ಕೂರುತ್ತೀರಿ ಎಂಬುದೇ ಅಲ್ಲಿ ಧರ್ಮದ ಪ್ರಶ್ನೆಯಾಗಿತ್ತು. ಬೇರೆ ಬೇರೆ ಜನಗಳ ನಡುವೆ ಹೊರಟ ಆ ಪಯಣಗಳಲ್ಲಿ ದೂರಕ್ಕಿಂತ ದೊಡ್ಡ ಅಡ್ಡಿ ಊಟದ ಸಾಲು.

ಭಾಷೆಯೂ ಅಡ್ಡಿಯೇ. ಏಷ್ಯಾ ಮೈನರಿನ ಲುಸ್ತ್ರ ಎಂಬ ಊರಿನಲ್ಲಿ ಪೌಲರು ಗ್ರೀಕಿನಲ್ಲಿ ಮಾತನಾಡಿದರು, ಹುಟ್ಟು ಹೆಳವನೊಬ್ಬ ಎದ್ದು ನಡೆದ. ಕೂಡಲೇ ಜನ ತಮ್ಮ ಲುಕವೋನಿಯದ ಭಾಷೆಯಲ್ಲಿ, ದೇವರುಗಳೇ ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆ ಎಂದು ಕೂಗಿ, ಬಾರ್ನಬನನ್ನು ಜ್ಯೂಸ್ ಎಂದೂ ಹೆಚ್ಚು ಮಾತನಾಡುತ್ತಿದ್ದ ಪೌಲರನ್ನು ಹರ್ಮಿಸ್ ಎಂದೂ ಕರೆದರು. ಕೂಗಿದ್ದೇನೆಂದು ಇಬ್ಬರಿಗೂ ಅರ್ಥವಾಗುವಷ್ಟರಲ್ಲಿ ಪೂಜಾರಿ ಹೋರಿಗಳನ್ನೂ ಹೂಮಾಲೆಗಳನ್ನೂ ಊರಬಾಗಿಲಿಗೆ ತಂದಾಗಿತ್ತು. ಅದೇ ಊರಿನಲ್ಲಿ, ಅದೇ ಅಧ್ಯಾಯದಲ್ಲಿ, ಪೌಲರಿಗೆ ಕಲ್ಲೇಟು ಬಿದ್ದು ಸತ್ತರೆಂದು ಹೊರಗೆ ಎಳೆದು ಹಾಕಿದರು.

ಈಗ ಇಂಡಿಯಾದ ವಿಷಯಕ್ಕೆ ಬರುತ್ತೇನೆ. ತೋಮರ ಕುರಿತು ಎರಡು ಪರಂಪರೆಗಳಿವೆ. 3ನೇ ಶತಮಾನದ ವಿದ್ವಾಂಸ ಒರಿಗೆನ್‌ನನ್ನು ಆಧರಿಸಿ ಚರ್ಚಿನ ಇತಿಹಾಸಕಾರ ಯೂಸೇಬಿಯಸ್ ಬರೆದಂತೆ ತೋಮರ ಪಾಲಿಗೆ ಬಂದದ್ದು ಪಾರ್ಥಿಯ, ಅಂದರೆ ಇಂದಿನ ಇರಾನಿನ ಕಡೆ. ‘ತೋಮನ ಕಾರ್ಯಗಳು’ ಅವರನ್ನು ಗುಂದಫರಸ್ ಎಂಬ ಅರಸನ ಬಳಿಗೆ ಒಯ್ಯುತ್ತದೆ. ಅಂಥ ಅರಸನೇ ಇರಲಿಲ್ಲವೆಂದು ಬಹುಕಾಲ ಪಂಡಿತರು ತಳ್ಳಿಹಾಕಿದ್ದರು. 19ನೇ ಶತಮಾನದಲ್ಲಿ ಅಫ್ಘಾನಿಸ್ತಾನ ಮತ್ತು ಪಂಜಾಬಿನ ಕಡೆ ಅವನ ನಾಣ್ಯಗಳು ಸಿಕ್ಕವು, ಪೇಶಾವರದ ಹತ್ತಿರದ ತಖ್ತ್-ಇ-ಬಾಹಿಯ ಖರೋಷ್ಠಿ ಶಾಸನದಲ್ಲಿ ಅವನ ಆಳ್ವಿಕೆಯ 26ನೇ ವರ್ಷವೂ ಒಂದು ಶಕೆಯ 103ನೇ ವರ್ಷವೂ ಒಟ್ಟಿಗೆ ಬಂದವು. ಅದನ್ನು ವಿಕ್ರಮ ಶಕೆಯೆಂದು ಎಣಿಸಿದರೆ ಕ್ರಿ.ಶ. 46ರ ಸುಮಾರಿಗೆ ಬರುತ್ತದೆ, ತೋಮರ ಕಾಲಕ್ಕೆ ಸರಿಹೋಗುತ್ತದೆ. ಇದರಿಂದ ಸಿದ್ಧವಾಗುವುದು ಎದೆಸ್ಸದ ಕಥೆಗಾರನಿಗೆ ವಾಯವ್ಯ ಭಾರತದ ಒಬ್ಬ ನಿಜವಾದ ಅರಸನ ಹೆಸರು ತಿಳಿದಿತ್ತು ಎಂಬುದು. ತೋಮರು ಅವನ ಅರಮನೆ ಕಟ್ಟಲು ಹೋದರೆಂಬುದು ಸಿದ್ಧವಾಗುವುದಿಲ್ಲ. ನಂಬುವವರೂ ನಗುವವರೂ ಈ ಎರಡನ್ನು ಸಮನಾಗಿ ಕಲಸಿಬಿಡುತ್ತಾರೆ.

ಕೇರಳದ ಪರಂಪರೆ ಬೇರೆಯದು: 52ರಲ್ಲಿ ಕೊಡುಂಗಲ್ಲೂರು, ಏಳು ಚರ್ಚುಗಳು, 72ರಲ್ಲಿ ಮೈಲಾಪುರದಲ್ಲಿ ಹುತಾತ್ಮರಾದದ್ದು. ಹಾಡುಗಳಲ್ಲಿ, ಮನೆತನಗಳ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವ ಇದರ ಬರಹರೂಪಗಳು ಮಾತ್ರ ತೀರ ಈಚಿನವು. ಪಯಣ ಸಾಧ್ಯವಿತ್ತೇ ಎಂದರೆ ಧಾರಾಳವಾಗಿ ಸಾಧ್ಯವಿತ್ತು. ಈಜಿಪ್ಟಿನ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಇಂಡಿಯಾದ ಕಡೆ ಹೊರಡುತ್ತಿದ್ದವೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ, ಕೇರಳದ ಮುಜಿರಿಸ್ ಬಂದರಿನಿಂದ ಸರಕು ತಂದ ಹರ್ಮಪೊಲ್ಲಾನ್ ಎಂಬ ಹಡಗಿನ ಲೆಕ್ಕಪತ್ರ 2ನೇ ಶತಮಾನದ ಪಪೈರಸ್ಸಿನಲ್ಲಿ ಇಂದಿಗೂ ಉಳಿದಿದೆ. ಆದರೆ ದಾರಿ ಇತ್ತು ಎಂದ ಮಾತ್ರಕ್ಕೆ ಇಂಥವರೇ ಆ ದಾರಿಯಲ್ಲಿ ಬಂದರು ಎನ್ನಲಾಗುವುದಿಲ್ಲ. ಬಸ್ಸು ಇದೆ ಎಂದ ಮಾತ್ರಕ್ಕೆ ಅತ್ತೆ ಬಂದಿದ್ದಾರೆಂದು ಅಡುಗೆಗೆ ಇಡುವುದಿಲ್ಲವಲ್ಲ. ಕೇರಳದ ಕ್ರೈಸ್ತ ಸಮುದಾಯಕ್ಕೆ ಕಲ್ಲು-ತಾಮ್ರದ ಸಾಕ್ಷ್ಯ ಗಟ್ಟಿಯಾಗಿ ಸಿಗುವುದು 849ರ ಕೊಲ್ಲಂ ತಾಮ್ರಪಟಗಳಲ್ಲಿ. ಅದಕ್ಕೂ ಮೊದಲೇ ಸಮುದಾಯ ಇತ್ತೆಂಬುದು ನಿಸ್ಸಂಶಯ, ಎಷ್ಟು ಮೊದಲು ಎಂಬಲ್ಲಿ ವಾದವಿದೆ.

ನಿಮ್ಮ ಬಾರ್ತೊಲೊಮಾಯರ ಆಧಾರ ಇದಕ್ಕಿಂತ ತೆಳುವಾದದ್ದು, ಆದ್ದರಿಂದ ಅದನ್ನು ಇನ್ನಷ್ಟು ನಿಧಾನವಾಗಿ ಬಿಡಿಸಬೇಕು. ಮೂಲ ಸಾಲು ಇರುವುದು 4ನೇ ಶತಮಾನದ ಆರಂಭದಲ್ಲಿ ಯೂಸೇಬಿಯಸ್ ಬರೆದ ಚರ್ಚಿನ ಇತಿಹಾಸದ ಐದನೆಯ ಭಾಗದಲ್ಲಿ. ಅಲೆಕ್ಸಾಂಡ್ರಿಯದ ಪಂಟೇನಸ್ ಎಂಬ ವಿದ್ವಾಂಸ, 2ನೇ ಶತಮಾನದ ಕೊನೆಯ ಹೊತ್ತಿಗೆ, ಇಂಡಿಯಾದವರೆಗೆ ಹೋಗಿದ್ದನಂತೆ. ಅಲ್ಲಿ ಮತ್ತಾಯನ ಶುಭಸಂದೇಶವನ್ನು ಬಲ್ಲ ಜನ ಅವನಿಗೆ ಸಿಕ್ಕರಂತೆ, ಅವರಿಗೆ ಹಿಂದೆ ಬಾರ್ತೊಲೊಮಾಯರು ಬೋಧಿಸಿ ಹೀಬ್ರೂ ಅಕ್ಷರದ ಆ ಪುಸ್ತಕವನ್ನು ಬಿಟ್ಟುಹೋಗಿದ್ದರಂತೆ. ಇಲ್ಲಿ ‘ಅಂತೆ’ ನಾನು ಸೇರಿಸಿದ್ದಲ್ಲ. ಹಾಗೆಂದು ಹೇಳುತ್ತಾರೆ ಎಂಬ ಕ್ರಿಯಾಪದವನ್ನು ಯೂಸೇಬಿಯಸ್ಸೇ ಇಟ್ಟಿದ್ದಾನೆ. ಗ್ರೀಕಿನಲ್ಲಿ ಅದಕ್ಕೆ ಒಂದು ಇಡೀ ಪದ ಬೇಕು, ನಮ್ಮಲ್ಲಿ ಕ್ರಿಯಾಪದದ ಬಾಲಕ್ಕೆ ಎರಡಕ್ಷರ ಅಂಟಿಸಿದರೆ ಸಾಕು. ಕೇಳಿದ್ದನ್ನು ಕೇಳಿದ್ದೆಂದೇ, ಕಂಡದ್ದನ್ನು ಕಂಡದ್ದೆಂದೇ ಹೇಳುವ ಈ ಸಲಕರಣೆ ನಮ್ಮ ಭಾಷೆಯಲ್ಲಿ ಇಷ್ಟು ಸಲೀಸಾಗಿದ್ದರೂ, ಸ್ಮರಣ ಸಂಚಿಕೆಗಳಲ್ಲಿ ಮೊದಲು ಉದುರುವುದು ಅದೇ.

ಎರಡನೆಯ ತೊಡಕು ‘ಇಂಡಿಯಾ’ ಎಂಬ ಹೆಸರಿನದು. ಆ ಕಾಲದ ಗ್ರೀಕ್ ಮತ್ತು ಲ್ಯಾಟಿನ್ ಲೇಖಕರಿಗೆ ಕೆಂಪು ಸಮುದ್ರದಿಂದಾಚೆಗಿನ ಎಷ್ಟೋ ನೆಲಗಳು ಇಂಡಿಯಾವೇ ಆಗಿದ್ದವು. 4ನೇ ಶತಮಾನದಲ್ಲಿ ಫ್ರುಮೆಂಟಿಯಸ್ ಎಂಬಾತ ಕ್ರೈಸ್ತ ಧರ್ಮವನ್ನು ಬೇರೂರಿಸಿದ ಆಕ್ಸುಮ್, ಅಂದರೆ ಇಂದಿನ ಇಥಿಯೋಪಿಯ, ರುಫಿನಸ್‌ನ ಬರಹದಲ್ಲಿ ‘ದೂರದ ಇಂಡಿಯಾ’. ದಕ್ಷಿಣ ಅರೇಬಿಯಕ್ಕೂ ಆ ಹೆಸರು ಸಲ್ಲುತ್ತಿತ್ತು, ಅಲ್ಲಿ ಹೀಬ್ರೂ ಬಲ್ಲ ಯೆಹೂದ್ಯರೂ ನೆಲೆಸಿದ್ದರು. ಹೀಬ್ರೂ ಅಕ್ಷರದ ಪುಸ್ತಕ ಅಂಥ ಕಡೆ ಸಹಜವಾಗಿ ಹೊಂದುತ್ತದೆ. ಬಾರ್ತೊಲೊಮಾಯರು ‘ಸುಖಿಗಳೆಂದು ಕರೆಯಲ್ಪಡುವ ಇಂಡಿಯಾದವರಿಗೆ’ ಬೋಧಿಸಿದರು ಎಂಬ ಇನ್ನೊಂದು ಹಳೆಯ ಉಲ್ಲೇಖವಿದೆ. ಸುಖದ ನಾಡು ಎಂಬುದು ಯೆಮೆನ್ ಕಡೆಯ ಅರೇಬಿಯಕ್ಕೆ ಗ್ರೀಕರು ಇಟ್ಟಿದ್ದ ಪ್ರಸಿದ್ಧ ಹೆಸರು. 20ನೇ ಶತಮಾನದ ಕೆಲವು ಭಾರತೀಯ ವಿದ್ವಾಂಸರು ಇದನ್ನೇ ಬೇರೆ ದಿಕ್ಕಿನಿಂದ ಓದಿದರು: ಸುಖ, ಮಂಗಳ ಎಂಬ ಅರ್ಥದ ಊರು ನಮ್ಮಲ್ಲಿ ಯಾವುದು? ಕಲ್ಯಾಣ! ಹೀಗೆ ಮುಂಬಯಿ ಬಳಿಯ ಕಲ್ಯಾಣವೂ ಕೊಂಕಣ ತೀರವೂ ಬಾರ್ತೊಲೊಮಾಯರ ಕ್ಷೇತ್ರವಾದವು. ನಿಮ್ಮ ಸಂಚಿಕೆಯ 55 ಎಂಬ ಇಸವಿಯೂ ಇದೇ ವಾದದ ಸುತ್ತಿನದು, ಯಾವ ಪ್ರಾಚೀನ ಗ್ರಂಥದ್ದೂ ಅಲ್ಲ. ವಾದ ಜಾಣತನದ್ದು ಎಂದು ಒಪ್ಪುತ್ತೇನೆ, ಒಂದು ಪದದ ಅರ್ಥದ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಲು ನನಗೆ ಧೈರ್ಯವಿಲ್ಲ.

ಕಲ್ಯಾಣಪುರಕ್ಕೆ ಇನ್ನೊಂದು ಎಳೆಯಿದೆ, ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವ್ಯಾಪಾರಿ ಕೋಸ್ಮಾಸ್, ಮೆಣಸು ಬೆಳೆಯುವ ಮಲೆ ಎಂಬಲ್ಲಿ ಕ್ರೈಸ್ತರಿದ್ದಾರೆಂದೂ ಕಲ್ಲಿಯಾನ ಎಂಬಲ್ಲಿ ಪರ್ಷಿಯದಿಂದ ನೇಮಕವಾಗಿ ಬರುವ ಬಿಷಪ್ ಇದ್ದಾರೆಂದೂ ಬರೆದಿದ್ದಾನೆ. ಆ ಕಲ್ಲಿಯಾನ ಮುಂಬಯಿಯ ಕಲ್ಯಾಣ ಎಂಬುದು ಹೆಚ್ಚಿನವರ ಅಭಿಪ್ರಾಯ, ಉಡುಪಿ ಬಳಿಯ ಕಲ್ಯಾಣಪುರ ಎಂದು ಕೆಲವರು ವಾದಿಸಿದ್ದಾರೆ. ಎರಡನೆಯದೇ ಸರಿಯೆಂದು ಇಟ್ಟುಕೊಂಡರೂ ಅದರಿಂದ ಬರುವುದು 6ನೇ ಶತಮಾನದ ಪರ್ಷಿಯನ್ ಸಂಬಂಧದ ಒಂದು ಸಭೆ. 1ನೇ ಶತಮಾನದ ಪ್ರೇಷಿತರೂ ಬರುವುದಿಲ್ಲ, ಇಂದಿನ ನಿಮ್ಮ ಚರ್ಚಿನ ಕುಟುಂಬಗಳೂ ಬರುವುದಿಲ್ಲ. ಕೊಂಕಣಿ ಮಾತಾಡುವ ನಿಮ್ಮ ಕರಾವಳಿಯ ಕಥೊಲಿಕರಲ್ಲಿ ಹೆಚ್ಚಿನ ಮನೆತನಗಳು 16ನೇ ಶತಮಾನದಿಂದ ಈಚೆಗೆ ಗೋವೆಯಿಂದ ಅಲೆಯಲೆಯಾಗಿ ಇಳಿದು ಬಂದವು.

ಹಾಗಾದರೆ ಇಂಥ ಹೇಳಿಕೆಗಳು ಎಲ್ಲೆಡೆ ಏಕೆ ಹುಟ್ಟಿದವು? ಸುಳ್ಳು ಹೇಳುವ ಚಟದಿಂದ ಎಂದು ನಿಮ್ಮ ತಂಗಿಯ ಮಗ ತಿಳಿದಿದ್ದರೆ ಅವನಿಗೆ ಸೈಪ್ರಸ್ಸಿನ ಪ್ರಸಂಗ ಹೇಳಿ. 5ನೇ ಶತಮಾನದಲ್ಲಿ ಅಂತಿಯೋಕ್ಯದ ಧರ್ಮಪೀಠ, ಸೈಪ್ರಸ್ ದ್ವೀಪದ ಚರ್ಚು ತನ್ನ ಅಧೀನ ಎಂದು ಹಕ್ಕು ಸಾಧಿಸುತ್ತಿತ್ತು. ವ್ಯಾಜ್ಯ ಬಿಗಿಯಾಗಿದ್ದ ಹೊತ್ತಿಗೆ, ಶತಮಾನದ ಕೊನೆಯ ದಶಕಗಳಲ್ಲಿ, ದ್ವೀಪದ ಆರ್ಚ್‌ಬಿಷಪ್ ಅಂಥೇಮಿಯಸ್‌ಗೆ ಕನಸು ಬಿತ್ತು. ಒಂದು ಕ್ಯಾರಬ್ ಮರದ ಬುಡದಲ್ಲಿ ಅಗೆದಾಗ ಬಾರ್ನಬರ ದೇಹ, ಅವರ ಎದೆಯ ಮೇಲೆ ಮತ್ತಾಯನ ಶುಭಸಂದೇಶದ ಪ್ರತಿ ಸಿಕ್ಕವು. ಪುಸ್ತಕ ಚಕ್ರವರ್ತಿ ಜೆನೋಗೆ ಕಾಣಿಕೆಯಾಗಿ ಹೋಯಿತು, ಸೈಪ್ರಸ್ಸಿಗೆ ಸ್ವಾತಂತ್ರ್ಯ ಬಂತು, ಅಲ್ಲಿನ ಆರ್ಚ್‌ಬಿಷಪ್ ಇಂದಿಗೂ ಚಕ್ರವರ್ತಿಯಂತೆ ಕೆಂಪು ಮಸಿಯಲ್ಲಿ ಸಹಿ ಹಾಕುತ್ತಾರೆ. ಒಬ್ಬ ಪ್ರೇಷಿತ ಎಂದರೆ ಒಂದು ಹಕ್ಕುಪತ್ರ. ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾದದ್ದು 330ರಲ್ಲಿ, ಅದಕ್ಕೆ ರೋಮಿನಂತೆ ಪ್ರೇಷಿತ ಮೂಲ ಇರಲಿಲ್ಲ. ಕಾಲಕ್ರಮದಲ್ಲಿ ಪೇತ್ರರ ಅಣ್ಣತಮ್ಮನಾದ ಅಂದ್ರೆಯರೇ ಅಲ್ಲಿನ ಸ್ಥಾಪಕರಾದರು. ಅದೇ ಅಂದ್ರೆಯರು ಮುಂದೆ ಕೀವ್ ನಗರದ ಗುಡ್ಡದ ಮೇಲೂ ಶಿಲುಬೆ ನೆಟ್ಟರೆಂದು ರುಸ್ ಜನರ ವೃತ್ತಾಂತ ಹೇಳಿತು. ನಮ್ಮ ದೇವಸ್ಥಾನಗಳ ಸ್ಥಳಪುರಾಣ ಓದಿದವರಿಗೆ ಇದು ಹೊಸತಲ್ಲ. ಪಾಂಡವರು ವನವಾಸದಲ್ಲಿ ಒಂದು ರಾತ್ರಿ ತಂಗದ ಊರು ನಮ್ಮಲ್ಲಿ ಯಾವುದಿದೆ?

ಇದರಲ್ಲಿ ನನಗೆ ಬೇಸರವಾಗುವ ಅಂಶ ಬೇರೆಯೇ. ದೊಡ್ಡ ಹೆಸರುಗಳನ್ನು ಹುಡುಕುವ ಭರದಲ್ಲಿ, ಆ ಸಂದೇಶವನ್ನು ನಿಜವಾಗಿ ಹೊತ್ತು ನಡೆದವರು ಮರೆಯಾಗುತ್ತಾರೆ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರಿಗೆ ಮೊದಲು ಹೇಳಿದವರು ಸೈಪ್ರಸ್ ಮತ್ತು ಕುರೇನ್ಯದ ಕೆಲವರು ಎಂದಷ್ಟೇ ‘ಕಾರ್ಯಕಲಾಪಗಳು’ ಹೇಳುತ್ತದೆ, ಒಬ್ಬರ ಹೆಸರೂ ಇಲ್ಲ. ಪೌಲರು ರೋಮಿಗೆ ಪತ್ರ ಬರೆಯುವಾಗಲೇ ಅಲ್ಲಿ ಸಭೆಯಿತ್ತು, ಕಟ್ಟಿದವರು ಯಾರೋ. ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ ಫೆಬೆ, ಗುಡಾರದ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕ ದಂಪತಿ, ಪ್ರೇಷಿತರಲ್ಲಿ ಹೆಸರಾದ ಯೂನ್ಯ ಎಂಬ ಮಹಿಳೆ ಬರುತ್ತಾರೆ. ಇವರ ಹೆಸರಿನಲ್ಲಿ ಯಾವ ಪೀಠವೂ ಹಕ್ಕು ಸಾಧಿಸಲಿಲ್ಲ, ಹಾಗಾಗಿ ಇವರಿಗೆ ಪುರಾಣವೂ ಬೆಳೆಯಲಿಲ್ಲ.

ಇನ್ನು ನಿಮ್ಮ ಪುಟಕ್ಕೆ ಬರೋಣ. ಹಳೆಯ ವಾಕ್ಯವನ್ನು ಹಾಗೆಯೇ ಉಳಿಸುವುದು ಸುಲಭ, ಆದರೆ ಇಂದು ಯಾವ ಹುಡುಗನಾದರೂ ಹತ್ತು ನಿಮಿಷದಲ್ಲಿ ಅದರ ಬುಡ ಅಲುಗಿಸಬಲ್ಲ. ಆಮೇಲೆ ನಿಮ್ಮ ಲೇಖನದ ಗಟ್ಟಿ ಭಾಗವನ್ನೂ ಅವನು ನಂಬುವುದಿಲ್ಲ. ಪೂರ್ತಿ ತೆಗೆದುಹಾಕುವುದು ಶುದ್ಧವಾಗಿ ಕಾಣುತ್ತದೆ, ಅದರಲ್ಲಿಯೂ ಅಪಾಯವಿದೆ: ಐವತ್ತು ವರ್ಷ ಜನ ನಂಬಿದ್ದನ್ನು ಸದ್ದಿಲ್ಲದೆ ಅಳಿಸಿದರೆ ಹಿರಿಯರಿಗೆ ತಮ್ಮನ್ನೇ ಅಳಿಸಿದಂತಾಗುತ್ತದೆ, ಜೊತೆಗೆ ಬರಲೇ ಇಲ್ಲ ಎಂಬುದಕ್ಕೂ ನಮ್ಮ ಬಳಿ ಪುರಾವೆಯಿಲ್ಲ. ಒಂದು ಊರಿನ ಸಂಚಿಕೆಯಲ್ಲಿ ಹೀಗೆ ಅಳಿಸಿದ ಮೇಲೆ, ಬಿಡುಗಡೆಯ ದಿನವೇ ಹಳೆಯ ಪುಟದ ನೆರಳಚ್ಚು ಪ್ರತಿಗಳನ್ನು ಗೇಟಿನ ಬಳಿ ಹಂಚಿದ್ದನ್ನು ನಾನು ನೋಡಿದ್ದೇನೆ. ನಾನು ಸೂಚಿಸುವ ದಾರಿ ಪ್ರತಿ ಮಾತಿನ ಜೊತೆ ಅದನ್ನು ಯಾರು, ಯಾವಾಗ ಹೇಳಿದರು ಎಂಬುದನ್ನು ಬಿಡದೆ ಬರೆಯುವುದು. ಇದಕ್ಕೂ ಬೆಲೆಯಿದೆ: ವಾಕ್ಯ ಉದ್ದವಾಗುತ್ತದೆ, ಸಮಿತಿಯ ಒಬ್ಬರಾದರೂ ನಿಮ್ಮ ವಿಶ್ವಾಸ ಸಡಿಲವಾಯಿತೇ ಎಂದು ಕೇಳುತ್ತಾರೆ. ಹಾಗೆ ಕೇಳಿದರೆ, ಇದು ನನ್ನ ಸಂಶಯವಲ್ಲ, ಯೂಸೇಬಿಯಸ್‌ನ ‘ಅಂತೆ’ ಎಂದು ತೋರಿಸಿ. ಅವನೂ ಒಬ್ಬ ಬಿಷಪ್ಪನೇ.

ಉದಾಹರಣೆಗೆ ಹೀಗೆ ಬರೆಯಬಹುದು: “ಬಾರ್ತೊಲೊಮಾಯರು ಇಂಡಿಯಾದಲ್ಲಿ ಬೋಧಿಸಿದ್ದರಂತೆ ಎಂದು 4ನೇ ಶತಮಾನದ ಯೂಸೇಬಿಯಸ್ ಬರೆದಿದ್ದಾನೆ. ಆ ಇಂಡಿಯಾ ದಕ್ಷಿಣ ಅರೇಬಿಯವಿರಬಹುದು ಎಂದು ಅನೇಕ ವಿದ್ವಾಂಸರು ಹೇಳಿದರೆ, ನಮ್ಮ ಪಶ್ಚಿಮ ಕರಾವಳಿಯೇ ಎಂದು 20ನೇ ಶತಮಾನದಲ್ಲಿ ಕೆಲವರು ವಾದಿಸಿದರು. ನಮ್ಮ ಹಿರಿಯರು ಆ ವಾದವನ್ನು ಒಪ್ಪಿ, ಐವತ್ತು ವರ್ಷದ ಹಿಂದೆ ತಮ್ಮ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದರು.” ಇದರಲ್ಲಿ ಹಿರಿಯರು ಹೇಳಿದ್ದೂ ಉಳಿಯಿತು, ಅದು ಅವರ ಮಾತು ಎಂಬುದೂ ಉಳಿಯಿತು. ಈ ಭಾಗವನ್ನು ಲೇಖನದ ಆರಂಭದಲ್ಲಿ ಇಡಬೇಡಿ, ನಡುವೆ ಎಲ್ಲಾದರೂ ಬರಲಿ. ಆರಂಭಕ್ಕೆ ನಿಮ್ಮ ಚರ್ಚಿನ ಕಪಾಟಿನಲ್ಲಿರುವ ಜ್ಞಾನಸ್ನಾನದ ದಫ್ತರಗಳನ್ನು ತೆಗೆಯಿರಿ. ಮೊದಲ ಪುಟದ ಮೊದಲ ಮಗುವಿನ ಹೆಸರು, ತಂದೆತಾಯಿ, ಮನೆಯ ಹೆಸರು, ಸಾಕ್ಷಿ ನಿಂತವರು. ದಫ್ತರ ಹಳೆಯ ಪೋರ್ಚುಗೀಸ್ ಅಥವಾ ಲ್ಯಾಟಿನ್ ಕೈಬರಹದಲ್ಲಿದ್ದರೆ ಓದಲು ನೆರವು ಕೇಳಿ, ಮತ್ತು ಮಳೆಗಾಲ ಹಿಡಿಯುವ ಮೊದಲೇ ಪುಟಪುಟವನ್ನೂ ಫೋಟೋ ತೆಗೆಸಿಡಿ. ಕರಾವಳಿಯ ತೇವಕ್ಕೆ ಆ ಕಾಲದ ಮಸಿ ಹೆಚ್ಚು ದಿನ ತಡೆಯುವುದಿಲ್ಲ.

ಮುಖಪುಟದ ಚಿತ್ರವನ್ನು ಧಾರಾಳವಾಗಿ ಉಳಿಸಿಕೊಳ್ಳಿ. ಆ ಕತ್ತಿ ಅವರ ಚರ್ಮ ಸುಲಿದ ಕತ್ತಿ, ಆ ಮರಣ ನಡೆದದ್ದು ಅರ್ಮೇನಿಯದಲ್ಲಿ ಎಂಬುದು ಅಲ್ಲಿನವರ ಬಲವಾದ ನಂಬಿಕೆ. ಅವರೂ ಬಾರ್ತೊಲೊಮಾಯರನ್ನು ತಮ್ಮ ಚರ್ಚಿನ ಸ್ಥಾಪಕರೆನ್ನುತ್ತಾರೆ. ಚಿತ್ರದ ಕೆಳಗೆ ಇಸವಿ ಹಾಕಬೇಕೆನಿಸಿದರೆ 55 ಬೇಡ, ಆ ಮುಖಪುಟ ಅಚ್ಚಾದ ವರ್ಷವನ್ನು ಹಾಕಿ.